ಸೂಜಿಗೆ ಮುಂಚಿನ ಮೂರು ದಿನ

ದಾವಣಗೆರೆ
ಕ್ರಿ.ಶ. ೨೧೯೩, ಹದಿಮೂರನೆಯ ತಿಂಗಳ ಎರಡನೆಯ ದಿನ

ಬಿಂದುಶ್ರೀ ಅವರಿಗೆ,

ಹದಿಮೂರನೆಯ ತಿಂಗಳು ಎಂದು ಓದಿ ನಗಬೇಡಿ, ತಪ್ಪಿ ಬರೆದದ್ದಲ್ಲ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದಲ್ಲಿ ನಿಮಗೀಗ ಹತ್ತೊಂಬತ್ತು, ನನ್ನ ಕಾಲದಲ್ಲಿ ನನಗೆ ನಲವತ್ತೊಂಬತ್ತು. ಆದರೂ ನೀವು ನನ್ನ ಮುತ್ತಜ್ಜಿಯ ಅಜ್ಜಿ. ಬೈಯಲೆಂದೇ ಕೂತವಳು ನಾನು. ಆದರೆ ಈ ಸಂಬಂಧ ನೆನಪಾಗಿ ಬಹುವಚನವೇ ಬರುತ್ತಿದೆ.

ಈ ತಿಂಗಳನ್ನು ನಾವು ಆರಿಕೆ ಎನ್ನುತ್ತೇವೆ. ಕಾಲೇಜುಗಳು ಮುಚ್ಚಿರುತ್ತವೆ, ಮಕ್ಕಳು ಮನೆಯಲ್ಲಿ ಮಲಗಿ ಮೈಯ ಉರಿಯೂತ ಇಳಿಯುವುದನ್ನು ಕಾಯುತ್ತಾರೆ. ಉಳಿದ ಹನ್ನೆರಡು ತಿಂಗಳೂ ಬೆಳಿಗ್ಗೆ ಎದ್ದೊಡನೆ ನಾಲಿಗೆಯ ಕೆಳಗೆ ಉರಿಕಡ್ಡಿ ಇಟ್ಟುಕೊಳ್ಳಬೇಕು. ಮೈಯ ಉರಿಯೂತ ಅಳೆಯುವ ಬೆರಳುದ್ದದ ಪಟ್ಟಿ ಅದು. ಕೆಂಪಾದರೆ ಆ ದಿನ ತರಗತಿ ಇಲ್ಲ. ನನ್ನ ಮಗಳು ಹೊನಲು, ನಿಮ್ಮದೇ ವಯಸ್ಸಿನವಳು, ಈ ವರ್ಷ ತರಗತಿಯಲ್ಲಿ ಕೂತದ್ದು ಹನ್ನೊಂದು ದಿನ. ಅವಳ ಬೆರಳ ಗಿಣ್ಣುಗಳು ಊದಿ ಸೊಟ್ಟಗಾಗಿವೆ. ಜಡೆ ನಾನೇ ಹಾಕುತ್ತೇನೆ. ಅವಳ ತರಗತಿಯ ಅರ್ಧ ಹುಡುಗಿಯರಿಗೆ ಅಮ್ಮಂದಿರೇ ಜಡೆ ಹಾಕುವುದರಿಂದ ವೈದ್ಯರು ಇದನ್ನು ಕಾಯಿಲೆ ಎನ್ನುವುದನ್ನೇ ಬಿಟ್ಟಿದ್ದಾರೆ.

ನಿಮ್ಮ ದಿನಚರಿ ನನ್ನ ಹತ್ತಿರವಿದೆ. ನಿಮ್ಮ ಹಾಸ್ಟೆಲಿಗೆ ಸಂಶೋಧಕರು ಬಂದು ನಿದ್ದೆ, ಊಟ, ಓಡಾಟ ಎಲ್ಲ ಕೇಳುವ ಫಾರಂ ಕೊಟ್ಟರು. ಅದನ್ನು ನೀವೆಲ್ಲ ಪ್ರಾಮಾಣಿಕವಾಗಿಯೇ ತುಂಬಿದಿರಿ: ಮಲಗುವುದು ಎರಡು ಗಂಟೆಗೆ, ತಿಂಡಿ ಇಲ್ಲ, ಸಂಜೆ ಮಂಡಕ್ಕಿ ಮಿರ್ಚಿ, ಆಮೇಲೆ ಎಗ್ ರೈಸ್, ಜೊತೆಗೊಂದು ಕೂಲ್‌ಡ್ರಿಂಕ್ಸ್, ನಡೆಯುವುದು ಬಸ್‌ಸ್ಟಾಪಿನವರೆಗೆ. ಉರಿಯೂತ ಎಷ್ಟಿದೆ ಎಂದು ನೋಡಲು ಅವರು ನಿಮ್ಮ ರಕ್ತ ತೆಗೆಯುವುದಕ್ಕೆ ಇನ್ನೂ ಮೂರು ದಿನ ಬಾಕಿ ಇತ್ತು. ವಾರ್ಡನ್ ಬರುವ ಮುಂಚೆ ರೂಮು ಗುಡಿಸುವ ಅಭ್ಯಾಸ ನಿಮ್ಮದು. ಮೈಗೂ ಅದನ್ನೇ ಮಾಡಿದಿರಿ. ಮುಂದಾಳು ನೀವೇ. ಮೆಸ್ಸಿನಲ್ಲಿ ಬೆಂಚು ಹತ್ತಿ, “ಲೇ, ಮೂರೇ ದಿನ ಕಣ್ರೇ! ರಿಪೋರ್ಟ್‌ನಾಗೆ ನಮ್ ಹಾಸ್ಟೆಲ್ ಮರ್ಯಾದಿ ಉಳೀಬೇಕು” ಎಂದದ್ದನ್ನು ಹೆಮ್ಮೆಯಿಂದ ಬರೆದುಕೊಂಡಿದ್ದೀರಿ. ಮೂರು ದಿನ ಹತ್ತಕ್ಕೆಲ್ಲ ಲೈಟು ಆರಿತು. ರಾಗಿಮುದ್ದೆ, ಸೊಪ್ಪಿನ ಸಾರು, ಸಂಜೆ ಮೈದಾನದಲ್ಲಿ ಎಂಟು ಸುತ್ತು. ರಕ್ತದ ರಿಪೋರ್ಟ್ ಅಚ್ಚುಕಟ್ಟಾಗಿ ಬಂತು.

ಫಾರಂ ನಿಜ, ರಕ್ತ ಸಿಂಗರಿಸಿದ್ದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದವರು, ಈ ವಯಸ್ಸಿನಲ್ಲಿ ಏನು ತಿಂದರೂ ಎಷ್ಟು ನಿದ್ದೆಗೆಟ್ಟರೂ ಮೈಗೆ ಏನೂ ಆಗದು ಎಂದು ಬರೆದರು. ಬೇರೆ ಹಾಸ್ಟೆಲುಗಳಲ್ಲೂ ಹೀಗೇ ಆಯಿತಂತೆ. ಅದನ್ನು ನಂಬಿ ಕಾಲೇಜುಗಳು ಆಟದ ಪಿರಿಯಡ್ ತೆಗೆದವು, ಮೆಸ್ಸು ಮುಚ್ಚಿ ಪೊಟ್ಟಣದ ಊಟ ತಂದವು, ನಡುರಾತ್ರಿಯವರೆಗೆ ಪಾಠ ಎಳೆದವು. ನಿಮ್ಮ ಮಗಳು ಹಾಗೆ ಓದಿದಳು, ಅವಳ ಮಗಳೂ ಓದಿದಳು. ಹೊನಲನ್ನು ನಾನೂ ಹಾಗೇ ಬೆಳೆಸಿದೆ, ಬೇರೆ ಬದುಕು ನನಗೆ ಗೊತ್ತಿರಲಿಲ್ಲ. ಉರಿಕಡ್ಡಿ ಬರುವಷ್ಟರಲ್ಲಿ ಅವಳ ಬೆರಳುಗಳು ಕೆಟ್ಟಿದ್ದವು. ಇದನ್ನು ಬರೆಯುವಾಗ ನಿಮ್ಮ ಮೇಲಿನ ಸಿಟ್ಟು ಅರ್ಧಕ್ಕರ್ಧ ನನ್ನ ಮೇಲೇ ತಿರುಗುತ್ತದೆ.

ಇಂಥ ಕಾಗದಗಳು ಹಿಂದಕ್ಕೆ ತಲುಪುತ್ತವೆ ಎನ್ನುವವರಿದ್ದಾರೆ. ನನಗೆ ನಂಬಿಕೆಯಿಲ್ಲ, ತಲುಪಿದ್ದರೆ ಇಷ್ಟು ಹೊತ್ತಿಗೆ ಹೊನಲು ತನ್ನ ಜಡೆ ತಾನೇ ಹಾಕಿಕೊಳ್ಳುತ್ತಿದ್ದಳು. ಆದರೂ ಬೇಡಿಕೊಳ್ಳುತ್ತೇನೆ. ಬೆಂಚು ಹತ್ತಬೇಡಿ. ಹೇಗಿದ್ದೀರೋ ಹಾಗೇ ಹೋಗಿ ಕೈ ಚಾಚಿ, ಕೆಟ್ಟ ರಕ್ತವನ್ನೇ ಕೊಡಿ. ಅದಾಗದಿದ್ದರೆ ನಾಲ್ಕನೆಯ ದಿನವೂ ಹತ್ತಕ್ಕೆ ಮಲಗಿ.

ಮೂರನೆಯ ದಿನದ ಪುಟದಲ್ಲಿ ನೀವು ಬರೆದಿದ್ದೀರಿ: “ಇವತ್ತು ಮೆಟ್ಲು ಹತ್ತುವಾಗ ಮಂಡಿ ನೋಯ್ಲೇ ಇಲ್ಲ. ಈ ಮೈ ನಂದೇನಾ ಅನ್ನಿಸ್ತು.” ಮರುದಿನದ ಪುಟದಲ್ಲಿ: “ಟೆಸ್ಟ್ ಮುಗೀತು! ಎಗ್ ರೈಸ್!”

ನಿನ್ನೆ ಜಡೆ ಹಾಕುತ್ತ ಹೊನಲಿಗೆ ಎರಡನ್ನೂ ಓದಿ ಹೇಳಿದೆ. ಅವಳು ಮೊದಲನೆಯದನ್ನು ಇನ್ನೊಮ್ಮೆ ಓದಿಸಿಕೊಂಡಳು.

ನಿಮ್ಮ ಮೊಮ್ಮಗಳ ಮೊಮ್ಮಗಳ ಮಗಳು,
ಮೇದಿನಿ