ಒಂಬತ್ತು ದಿನದ ಇಂಗ್ಲಿಷು

ನಮ್ಮ ಭಾಗದ ಪ್ಲೇಗು ಬಂದೋಬಸ್ತು ನೋಡುವ ಸಾಹೇಬರಿಗೆ,

ಮಾನ್ಯರೇ,

ಗೋಕಾಕ, ಹುಕ್ಕೇರಿ ಕಡೆಯ ಅರ್ಜಿ ಬರೆಯುವವರಿಗೆಲ್ಲ ಎತ್ತರದ ಇಂಗ್ಲಿಷ್ ಶಬ್ದಗಳನ್ನು ಕಲಿಸಬೇಕೆಂದು ನನ್ನನ್ನು ನೇಮಿಸಿ ತಾವು ಕಳಿಸಿದ ಪತ್ರ ಮುಟ್ಟಿತು. ನಾನು ಕಲಿಸುವುದಿಲ್ಲ. ನನ್ನ ಇಂಗ್ಲಿಷು ಎಷ್ಟು ಚೆನ್ನಾಗಿದೆಯೆಂದರೆ, ಅದರಿಂದ ಈಗಾಗಲೇ ಒಬ್ಬಳು ಸತ್ತಿದ್ದಾಳೆ. ಇನ್ನೂ ನಲವತ್ತು ಜನ ಅದನ್ನು ಕಲಿತರೆ ನಮ್ಮ ಹಳ್ಳಿಗಳಲ್ಲಿ ಪ್ಲೇಗಿಗೆ ಕೆಲಸವೇ ಉಳಿಯಲಿಕ್ಕಿಲ್ಲ.

ತಾವು ನಾನು ಬರೆದ ಅರ್ಜಿಯನ್ನು ಮೆಚ್ಚಿದಿರಿ. ಅರ್ಜಿ ಯಾರದೆಂಬುದನ್ನು ಮರೆತಿರಬಹುದು. ದಡ್ಡಿ ಎಂಬ ಹಳ್ಳಿಯ ಲಗಮವ್ವನ ಮಗಳು ಸತ್ತೆವ್ವನಿಗೆ ಕಂಕುಳಲ್ಲಿ ಒಂದು ಕುರು ಎದ್ದಿತ್ತು. ಸುಣ್ಣ ಬೆಲ್ಲ ಕಲಸಿ ಹಚ್ಚಿಕೊಂಡಿದ್ದಳು. ತಮ್ಮ ತಪಾಸಣೆಯವರು ತೋಳೆತ್ತಿಸಿ ನೋಡಿ, ಪ್ಲೇಗಿನ ಗಡ್ಡೆಯೆಂದು ಊರ ಹೊರಗಿನ ತಗಡಿನ ಶೆಡ್ಡಿಗೆ ಹಾಕಿದರು. ಮರುದಿನವೇ ಕುರು ಒಡೆದು ಬತ್ತಿತು. ಜ್ವರವಿಲ್ಲ, ಹೊಟ್ಟೆ ತುಂಬ ಉಣ್ಣುತ್ತಾಳೆ, ಆದರೆ ಎಡಕ್ಕೂ ಬಲಕ್ಕೂ ನಿಜವಾದ ಪ್ಲೇಗಿನವರು ಮಲಗಿದ್ದಾರೆ. ಲಗಮವ್ವ ಹುಕ್ಕೇರಿಗೆ ನಡೆದು ಬಂದು ನನ್ನ ಮುಂದೆ ಕೂತಳು. ಕನ್ನಡದಲ್ಲಿ ಅರ್ಜಿ ಬರೆದುಕೊಟ್ಟೆ. ಇಂಗ್ಲಿಷಿನಲ್ಲಿ ತನ್ನಿರೆಂದು ಮರಳಿ ಬಂತು. ನನಗೆ ಬರುತ್ತಿದ್ದ ಶಾಲೆಯ ಇಂಗ್ಲಿಷಿನಲ್ಲಿ ಬರೆದೆ: ಹೆಂಗಸಿಗೆ ರೋಗವಿಲ್ಲ, ದಯವಿಟ್ಟು ಮನೆಗೆ ಬಿಡಿರಿ. ಅದೂ ಮರಳಿ ಬಂತು. ‘ಇದು ಮಕ್ಕಳ ಭಾಷೆ, ಸರಕಾರಕ್ಕೆ ತಕ್ಕ ಭಾಷೆಯಲ್ಲಿ ಬರೆಯಿರಿ’ ಎಂದು ಅಂಚಿನಲ್ಲಿ ತಮ್ಮದೇ ಕೈಬರಹ. ಅಂದರೆ ನಾನು ಹೇಳಿದ್ದು ತಮಗೆ ತಿಳಿದಿತ್ತು. ಮಕ್ಕಳಿಗೆ ತಿಳಿಯುವ ಮಾತು ಸರಕಾರಕ್ಕೆ ತಿಳಿಯಕೂಡದೆಂದು ಯಾವ ಕಾಯಿದೆಯಲ್ಲಿದೆ?

ಇನ್ನು ನನ್ನ ಅಪರಾಧ. ಆ ಮಾತು ನನಗೆ ಚುಚ್ಚಿತು, ಲಗಮವ್ವನ ಸಲುವಾಗಿ ಅಲ್ಲ, ನನ್ನ ಸಲುವಾಗಿ. ಕೊಣ್ಣೂರಿನ ಮುದಿ ಮಾಸ್ತರರೊಬ್ಬರಿಂದ ದಪ್ಪ ಡಿಕ್ಷನರಿ ತಂದು ದಿನಕ್ಕೆ ನಲವತ್ತು ಶಬ್ದ ಬಾಯಿಪಾಠ ಮಾಡಿದೆ. ಅಳುವ ತಾಯಿಯನ್ನು ‘ಲ್ಯಾಕ್ರಿಮೋಸ್’ ಮಾಡಿದೆ, ಕನಿಕರವನ್ನು ‘ಕಮಿಸರೇಷನ್’ ಮಾಡಿದೆ. “ಮುಂಜಾನಿಂದ ಯಾರಿಗೆ ಬೈಯಾಕತ್ತೀರಿ?” ಎಂದು ಹೆಂಡತಿ ತಾರಾಬಾಯಿ ಕೇಳಿದಳು. ಒಂದು ದೊಡ್ಡ ಶಬ್ದ ಸಿಕ್ಕರೆ ಅದಕ್ಕಿಂತ ದೊಡ್ಡದು ಇದ್ದೀತೆಂದು ಮತ್ತೆ ಹುಡುಕುತ್ತಿದ್ದೆ. ಲಗಮವ್ವ ದಿನಾ ಬಂದು “ಆತೇನ್ರಿ?” ಅನ್ನುವಳು. “ಇನ್ನಷ್ಟು ತಿದ್ದಬೇಕವ್ವಾ” ಅನ್ನುವೆ. ಹೀಗೆ ಒಂಬತ್ತು ದಿನ. ಇಷ್ಟು ಸುಖವಾದ ಒಂಬತ್ತು ದಿನ ನನ್ನ ಜನ್ಮದಲ್ಲಿ ಕಳೆದಿರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ.

ಹೆಬ್ಬೆಟ್ಟು ಒತ್ತಿಸುವ ಮೊದಲು ಅರ್ಜಿಯನ್ನು ಅರ್ಜಿದಾರರ ಮಾತಿನಲ್ಲಿ ಓದಿ ಹೇಳುವುದು ನಮ್ಮ ಕಸುಬಿನ ಪದ್ಧತಿ. ಹತ್ತನೆಯ ದಿನ ನಾನು ಆ ಪದ್ಧತಿ ಮುರಿದು ಇಂಗ್ಲಿಷಿನಲ್ಲೇ ಓದಿದೆ, ಅಷ್ಟು ಚಂದವಿತ್ತು. ಅವಳು ಮಂತ್ರ ಕೇಳುವಂತೆ ಕೈಮುಗಿದು ಕೂತಿದ್ದಳು. ಮುಗಿದ ಮೇಲೆ ಕೇಳಿದಳು: “ಭಾಳ ಚಲೋ ಕೇಳಸ್ತೈತ್ರಿ ಯಪ್ಪಾ. ಇದರಾಗ ನನ್ನ ಸತ್ತೆವ್ವನ ಹೆಸರು ಎಲ್ಲೈತ್ರಿ?”

ನೋಡಿದೆ. ನಾಲ್ಕು ಪುಟದಲ್ಲಿ ಎಲ್ಲೂ ಇರಲಿಲ್ಲ. ಬದಿಯಲ್ಲಿ ಸಣ್ಣದಾಗಿ ಸೇರಿಸಿದೆ.

ತಮ್ಮ ಉತ್ತರ ಬೇಗ ಬಂತು. ಅರ್ಜಿಯ ಭಾಷೆ ಮಾದರಿಯದಂತೆ, ಕಚೇರಿಯಲ್ಲಿ ಕಾಯ್ದಿಟ್ಟಿದ್ದೀರಂತೆ, ಊಟಕ್ಕೆ ಬಂದ ಸಾಹೇಬರಿಗೆಲ್ಲ ಓದಿ ತೋರಿಸಿದಿರಂತೆ. ಅಡಿಯಲ್ಲಿ ಒಂದು ಸಾಲು: ಸದರಿ ಹೆಂಗಸು ಈ ನಡುವೆ ಪ್ಲೇಗಿನಿಂದ ತೀರಿಕೊಂಡದ್ದರಿಂದ ಬೇರೆ ಹುಕುಂ ಬೇಕಾಗಿಲ್ಲ. ಶೆಡ್ಡಿಗೆ ಹೋಗುವಾಗ ಇಲ್ಲದ ರೋಗ ಅವಳಿಗೆ ಶೆಡ್ಡಿನಲ್ಲಿ ದೊರಕಿತು. ತಮ್ಮ ತಪಾಸಣೆಯವರ ಮಾತು ಕಡೆಗೂ ಖರೆಯಾಯಿತು, ಅಭಿನಂದನೆಗಳು. ಅತಿಥಿಗಳಿಗೆ ನನ್ನ ಅರ್ಜಿ ಓದಿ ತೋರಿಸುವಾಗ ಯಾರಾದರೂ ಒಬ್ಬರು, ಆ ಹೆಂಗಸು ಏನಾದಳು ಎಂದು ಕೇಳಿದರೇ? ಕೇಳಿದ್ದರೆ ತಾವು ಯಾವ ಶಬ್ದ ಬಳಸಿದಿರಿ?

ಹೆಣ ಒಯ್ಯಲು ಬಂದ ಅವಳ ಗಂಡ ಉದ್ದಪ್ಪನನ್ನು, ಹೆಣ ಮುಟ್ಟಿದನೆಂದು ಅದೇ ಶೆಡ್ಡಿಗೆ ಹಾಕಿದ್ದೀರಿ. ತಮ್ಮ ನಿಯಮದಂತೆಯೇ ಹತ್ತು ದಿನಕ್ಕೆ ಬಿಡಬೇಕಿತ್ತು. ಇಂದಿಗೆ ಹದಿನೈದಾಯಿತು. ಜ್ವರವಿಲ್ಲ, ಗಡ್ಡೆಯಿಲ್ಲ, ಮೈಮೇಲೆ ಒಂದು ಕುರು ಸಹ ಇಲ್ಲ. ಅವನ ಸಲುವಾಗಿ ನಾನು ಇಂಗ್ಲಿಷು ಬರೆಯಲಾರೆ, ಬರೆದರೆ ಅವನೂ ಸತ್ತಾನೆಂಬ ಹೆದರಿಕೆ ನನಗಿದೆ. ಈ ಪತ್ರ ತಮ್ಮ ಮೇಜಿಗೆ ಬಂದ ದಿನವೇ ಶೆಡ್ಡಿನ ಬಾಗಿಲು ತೆಗೆಸಿ ಅವನನ್ನು ಮನೆಗೆ ಕಳಿಸಬೇಕು. ಅಷ್ಟೇ ನನ್ನ ಬೇಡಿಕೆ.

ಲಗಮವ್ವ ಈಗ ನನ್ನ ಮುಂದೆಯೇ ಕೂತಿದ್ದಾಳೆ. ಏನು ಬರೆಯಲೆಂದು ಕೇಳಿದೆ. ಅವಳು ಹೇಳಿದ್ದನ್ನು ಒಂದಕ್ಷರ ತಿದ್ದದೆ ಬರೆಯುತ್ತಿದ್ದೇನೆ:

“ಸಾಹೇಬ್ರ, ನನ್ನ ಅಳ್ಯಾಗ ಏನೂ ಆಗಿಲ್ರಿ. ಬರೂ ಸೋಮವಾರ ತನಾ ಹಾದಿ ನೋಡ್ತೇನಿ. ತಗೀಲಿಲ್ಲಂದ್ರ ಬಾಗಲಾ ನಾನ ಮುರೀತೇನಿ.”

ಕೊಡಲಿ ನಮ್ಮ ಮನೆಯದು. ತಾರಾಬಾಯಿ ಕೊಟ್ಟಾಗಿದೆ.

ಇಂತಿ,
ತಮ್ಮ ಮೆಚ್ಚುಗೆ ಪಡೆದು ದಡ್ಡಿಯಲ್ಲಿ ಮುಖ ತೋರಿಸಲಾರದವನು,
ಧರಣೇಂದ್ರ, ಅರ್ಜಿ ಬರೆಯುವವ, ಹುಕ್ಕೇರಿ