ಅಂಕೋಲಾದಿಂದ ಬಂದ ನೂಲಿನ ಲಡಿ

ರಬಕವಿ
೨೪ ಆಗಸ್ಟ್ ೧೯೫೫

ಪ್ರೀತಿಯ ತಂಗಿ ಸೋಮಿ,

ಈ ಕಾಗದವನ್ನು ಒಬ್ಬಳೇ ಇರುವಾಗ ಓದು. ಮೊದಲ ಸಾಲಿನಲ್ಲಿ ‘ನಾವೆಲ್ಲ ಕ್ಷೇಮ’ ಎಂದು ಬರೆಯುವುದು ರೂಢಿ. ಎರಡು ಸಲ ಹಾಗೆ ಬರೆದೆ, ಎರಡು ಸಲವೂ ಹಾಳೆ ಹರಿದೆ. ಈಗ ಆ ಸಾಲನ್ನು ಬಿಟ್ಟೇ ಶುರುಮಾಡಿದ್ದೇನೆ. ನಿನ್ನ ಪಾರ್ಸೆಲ್ ಮುಟ್ಟಿದೆ. ಮುಟ್ಟಿ ಎಂಟು ದಿನವಾಯಿತು. ಉತ್ತರ ಬರೆಯಲು ತಡವಾದದ್ದಕ್ಕೆ ಪುರುಸೊತ್ತಿಲ್ಲದ್ದು ಕಾರಣವಲ್ಲ, ಹೆದರಿಕೆ ಕಾರಣ.

ಬಿಜಾಪುರದ ಕಚೇರಿಯ ಅರ್ಜಿ ನನ್ನ ಮುಂದಿದೆ. ಇಂಗ್ಲಿಷಿನಲ್ಲಿರುವುದರಿಂದ ತುಂಬುವ ಕೆಲಸ ನನ್ನದು. ಇವರ ಹೆಸರು ರಾಮಲಿಂಗಪ್ಪ, ವಯಸ್ಸು ನಲವತ್ತೊಂಬತ್ತು, ಕೈಮಗ್ಗದ ಅನುಭವ ಮೂವತ್ತೈದು ವರ್ಷ ಎಂಬುದೆಲ್ಲ ಬರೆದಾಗಿದೆ. ನೇಯ್ಗೆ ಕಲಿಸಲು ಸರಕಾರ ಕರಾವಳಿಯಲ್ಲಿ ಎರಡು ಶಾಲೆ ತೆರೆಯುತ್ತಿದೆ, ನಿಮ್ಮ ಅಂಕೋಲಾದಲ್ಲೊಂದು, ರತ್ನಾಗಿರಿ ಕಡೆಯ ವೆಂಗುರ್ಲಾದಲ್ಲೊಂದು. ಇವರಿಗೆ ಯಾವ ಊರು ಬೇಕೋ ಆ ಒಂದು ಹೆಸರು ಬರೆಯಬೇಕು. ಆ ಜಾಗ ಮಾತ್ರ ಖಾಲಿ ಉಳಿದಿದೆ. ಸೆಪ್ಟೆಂಬರ್ ಹತ್ತರೊಳಗೆ ಅರ್ಜಿ ಮುಟ್ಟಬೇಕು, ಒಮ್ಮೆ ಬರೆದ ಊರನ್ನು ಬದಲಿಸಲಾಗದು ಎಂದು ಕೆಳಗೆ ಅಚ್ಚು ಹಾಕಿದ್ದಾರೆ.

ಯಾಕೆ ಹೊರಟಿದ್ದೇವೆ ಎನ್ನುವುದು ನಿನಗೆ ಗೊತ್ತು. ನಮ್ಮ ಹಿರಿಯ ಮಗಳು ನೀಲವ್ವ ಹೋದಾಗ ನೀನು ಇಲ್ಲೇ ಇದ್ದೆ. ಮಗ್ಗದ ಪಕ್ಕ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದವಳು ಕೆಮ್ಮುತ್ತ ಎದ್ದು ಹೋದಳು, ಆ ಚಳಿಗಾಲ ದಾಟಲಿಲ್ಲ. ಆಗ ಅವಳಿಗೆ ಹದಿನಾಲ್ಕು. ಈಗ ಕಿರಿಯವಳು ಶಂಕ್ರಿಗೆ ಹದಿಮೂರು ತುಂಬಿ ಎಂಟು ತಿಂಗಳು. ಅವಳ ಎದೆಯಲ್ಲಿಯೂ ಅದೇ ಸಣ್ಣ ಶಿಳ್ಳೆ ಶುರುವಾಗಿದೆ. ಮನೆಯಲ್ಲಿ ನಾಲ್ಕು ಮಗ್ಗ ಬಡಿಯುತ್ತಿರುವಾಗ ಅದು ಕೇಳಿಸುವುದಿಲ್ಲ. ಊಟಕ್ಕೆಂದು ಮಗ್ಗ ನಿಂತ ಕೂಡಲೇ ಕೇಳುತ್ತದೆ. ಮಗ್ಗದ ಸದ್ದಿಗೆ ಮೊದಲೆಲ್ಲ ತಲೆನೋಯುತ್ತಿದ್ದ ನನಗೆ ಈಗ ಅದು ನಿಲ್ಲುವುದೇ ಭಯ.

ಮಿರಜದ ಡಾಕ್ಟರು ಹೇಳಿದ್ದು ಇಷ್ಟು. ಹತ್ತಿಯ ಧೂಳು ಇವಳ ಎದೆಗೆ ಆಗುವುದಿಲ್ಲ, ಚಳಿಯ ಒಣಗಾಳಿ ಬೀಸುವ ಮೊದಲು ಈ ಮನೆಯಿಂದ ಹೊರಗೆ ಒಯ್ಯಿರಿ, ಸಮುದ್ರದ ಹವೆ ಹಿಡಿಸಬಹುದು. ‘ಹಿಡಿಸಬಹುದು’ ಎಂದರು, ‘ಹಿಡಿಸುತ್ತದೆ’ ಎನ್ನಲಿಲ್ಲ. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಇವರಿಗೆ ಕನ್ನಡದಲ್ಲಿ ಹೇಳುವಾಗ ಆ ‘ಬಹುದು’ ಬಿಟ್ಟುಬಿಟ್ಟೆ. ಮೊದಲ ಸುಳ್ಳು ನನ್ನದೇ, ನೋಡು.

ಶಾಲೆಯ ಮಗ್ಗಗಳು ಶಾಲೆಯಲ್ಲಿರುತ್ತವೆ, ಮನೆ ಬೇರೆ ಇರುತ್ತದೆ. ಹುಡುಗಿ ಧೂಳಿಲ್ಲದೆ ಮಲಗಬಹುದು. ನನಗೆ ಅಷ್ಟೇ ಸಾಕಿತ್ತು. ಆದರೆ ಇವರು ನೇಕಾರರು. ಊರನ್ನು ನಂಬುವ ಮೊದಲು ಆ ಊರಿನ ಗಾಳಿಯಲ್ಲಿ ನೂಲು ಹೇಗಿರುತ್ತದೆ ಎಂದು ನೋಡಬೇಕು. ಒಂದೇ ಹಾಸು ನೂಲಿನಿಂದ ಎರಡು ಲಡಿ ತೆಗೆದು, ಒಂದೇ ಪಾತ್ರೆಯ ಗಂಜಿ ಹಚ್ಚಿ ಒಣಗಿಸಿ, ಒಂದನ್ನು ನಿನಗೂ ಇನ್ನೊಂದನ್ನು ವೆಂಗುರ್ಲಾ ಬಂದರಿನಲ್ಲಿರುವ ತಮ್ಮ ಚಿಕ್ಕಪ್ಪನ ಮಗ ಹಣಮಪ್ಪನಿಗೂ ಕಳಿಸಿದರು. ಮಳೆಗಾಲದಲ್ಲಿ ಒಂದು ತಿಂಗಳು ಸೂರಿನ ಕೆಳಗೆ ತೂಗುಹಾಕಿ ತಿರುಗಿ ಕಳಿಸಿರಿ ಎಂದಷ್ಟೇ ಬರೆಯಲು ನನಗೆ ಹೇಳಿದರು. “ಯಾಕ ಅಂತ ಬರೀಬ್ಯಾಡ. ಕಾರಣ ಗೊತ್ತಾದ್ರ ಮಂದಿ ನೂಲಿಗೆ ಛತ್ರಿ ಹಿಡೀತಾರ.” ಎರಡೂ ಕಡೆ ನೂಲು ಕೆಟ್ಟರೆ ಏನು ಮಾಡುವುದು ಎಂದು ಕೇಳಿದೆ. “ಇಲ್ಲೇ ಇರೂದು. ನೂಲು ಬಾಳದ ಊರಾಗ ನೇಕಾರ ಹೋಗಿ ಏನ್ ಸಮುದ್ರದ ತೆರಿ ಎಣಿಸ್ಯಾನೇನು?” ಎಂದರು.

ಹಣಮಪ್ಪನಿಗೆ ಅವರು ಹೇಳಿದಷ್ಟೇ ಬರೆದೆ. ನಿನಗೆ ಮಾತ್ರ ಕೊನೆಯಲ್ಲಿ ಒಂದು ಸಾಲು ಸೇರಿಸಿದೆ: ‘ಈ ನೂಲು ಚೆನ್ನಾಗಿ ಉಳಿದರೆ ನಾವು ಅಲ್ಲಿಗೆ ಬರುತ್ತೇವೆ.’ ಪ್ರೀತಿಯಿಂದ ಬರೆದೆ ಎಂದುಕೊಂಡಿದ್ದೆ. ಈಗ ಕೇಳಿಕೊಳ್ಳುತ್ತೇನೆ: ಛತ್ರಿ ಹಿಡಿಯಲು ನಾನೇ ನಿನಗೆ ಹೇಳಿಕೊಟ್ಟೆನೇ?

ಅತ್ತೆಗೆ ಎರಡೂ ಊರು ಬೇಡ. “ಸಮುದ್ರದಾಗ ಏನೈತಿ ಬೇ? ಉಪ್ಪು. ಅದು ಸಂತ್ಯಾಗ ಸಿಗೂದಿಲ್ಲೇನು?” ಎಂದು ದಿನಕ್ಕೆ ಮೂರು ಸಲ ಕೇಳುತ್ತಾರೆ. ವೆಂಗುರ್ಲಾದಲ್ಲಿ ಮರಾಠಿ ಮಾತು, ನಿಮಗೇನು ಹೊಸದಲ್ಲವಲ್ಲ ಎಂದರೆ, “ಮರಾಠ್ಯಾಗ ಯಾಪಾರ ಮಾಡಬಹುದು. ಜಗಳಾ ಹೆಂಗ ಆಡ್ಲಿ? ಬೈಗುಳ ಹುಡುಕೂದ್ರಾಗ ಎದುರಿನಾಕಿ ಮನೀಗಿ ಹೋಗಿರ್ತಾಳ” ಎನ್ನುತ್ತಾರೆ. ಶಂಕ್ರಿ ನಕ್ಕಳು, ನಕ್ಕು ಕೆಮ್ಮಿದಳು. ಆ ಮೇಲೆ ಯಾರೂ ನಗಲಿಲ್ಲ. ಅತ್ತೆ ಅನಸವ್ವ ಎಂದರೆ ಓಣಿಯೇ ಹೆದರುತ್ತದೆ, ಆದರೆ ಅವರು ನಡುರಾತ್ರಿ ಎದ್ದು ಮೊಮ್ಮಗಳ ಬೆನ್ನು ತಿಕ್ಕುತ್ತ ಕೂರುವುದನ್ನು ನಾನೊಬ್ಬಳೇ ನೋಡಿದ್ದೇನೆ.

ವೆಂಗುರ್ಲಾದ ಪಾರ್ಸೆಲ್ ಮೊದಲು ಬಂತು. ಲಡಿಯ ಮೈತುಂಬ ಬೂದಿ ಬಣ್ಣದ ಬೂಷ್ಟು, ಎಳೆಗೆ ಎಳೆ ಅಂಟಿಕೊಂಡು ಹಗ್ಗದಂತಾಗಿತ್ತು. ಜೊತೆಗಿದ್ದ ಹಣಮಪ್ಪನ ಕಾಗದವನ್ನು ಇವರೇ ಗಟ್ಟಿಯಾಗಿ ಓದಿದರು: “ಅಣ್ಣಾ, ಇಲ್ಲಿ ಮಳಿಗಾಲದಾಗ ಡಬ್ಬ್ಯಾಗಿನ ಉಪ್ಪು ಸೈತ ನೀರಾಕ್ಕೈತಿ. ನಿನ್ನ ನೂಲಿನ ಗತಿ ನೀನ ನೋಡು.” ಇವರು ಒಂದು ಎಳೆ ಎಳೆದರು. ಪಟ್ ಎಂದು ಹರಿಯಿತು. ಕಾಗದ ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಮಗ್ಗದ ಕುಣಿಗೆ ಇಳಿದರು.

ನಿನ್ನ ಪಾರ್ಸೆಲ್ ಬಂದಾಗ ಇವರು ಬನಹಟ್ಟಿಗೆ ನೂಲು ತರಲು ಹೋಗಿದ್ದರು. ಕಾಯಬೇಕಿತ್ತು, ಕಾಯಲಿಲ್ಲ, ಒಬ್ಬಳೇ ಬಿಚ್ಚಿದೆ. ಲಡಿ ಇಲ್ಲಿಂದ ಹೋದ ಹಾಗೆಯೇ ಗರಿಗರಿಯಾಗಿತ್ತು. ಒಂದು ಕಲೆಯಿಲ್ಲ. ಸೋಮಿ, ನನಗೆ ಅಳು ಬಂತು. ಶಂಕ್ರಿ ಬದುಕಿದಳು ಎಂದುಕೊಂಡು ಅದನ್ನು ಮುಖಕ್ಕೆ ಒತ್ತಿಕೊಂಡೆ. ಆಗ ವಾಸನೆ ಬಂತು. ಹಸಿ ಕಟ್ಟಿಗೆಯ ಹೊಗೆಯ ವಾಸನೆ.

ಇದು ಸೂರಿನ ಕೆಳಗೆ ತೂಗಿದ ನೂಲಲ್ಲ. ಒಲೆಯ ಮೇಲೆ ತೂಗಿದ್ದು. ಒಂದು ತಿಂಗಳು ದಿನವೂ ಕೆಳಗೆ ಬೆಂಕಿಯಿಟ್ಟು ಕಾಪಾಡಿದ್ದು. ನೀನು ಅಡಿಗೆ ಮಾಡುವಾಗೆಲ್ಲ ತಲೆಯೆತ್ತಿ ಅದನ್ನು ನೋಡುತ್ತಿದ್ದೆ ಎಂದು ನೆನೆದು ಸಿಟ್ಟು ಬಂತು. ಇಷ್ಟು ಆಸೆಯಿಂದ ಯಾಕೆ ನಮ್ಮನ್ನು ಕರೆಯುತ್ತಿದ್ದೀ?

ಆಮೇಲೆ ಪಾರ್ಸೆಲಿನ ಮೇಲಿದ್ದ ಬಟ್ಟೆ ನೋಡಿದೆ. ನೀನು ಗೋಣಿ ಹೊಲಿಯುವ ಹುರಿಯಿಂದ ಬಿಗಿಯಾಗಿ ಹೊಲಿದಿದ್ದೆ. ಹೊಲಿಗೆ ಬಿಚ್ಚಿ ಹರವಿದರೆ ಧೋತರದ ತುಂಡು. ಕೆಂಪು ಕಡ್ಡಿಯ ಅಂಚು, ಕಡ್ಡಿಯ ಒಳಗೆ ಒಂದೇ ಒಂದು ಅರಿಷಿಣದ ಎಳೆ. ನಿನ್ನ ಮದುವೆಗೆ ಇವರು ನಿನ್ನ ಗಂಡ ಗುರಪಾದಪ್ಪನವರಿಗೆ ನೇಯ್ದ ಜೋಡಿ ಧೋತರ ಅದು. ನಮ್ಮ ಮನೆಯ ಮದುವೆಗೆ ನೇಯ್ದ ಬಟ್ಟೆಗೆ ಮಾತ್ರ ಆ ಎಳೆ ಹಾಕುತ್ತಾರೆ. ಉಟ್ಟವರು ಮನೆಯಲ್ಲಿರುವತನಕ, ಎಷ್ಟೇ ಹಳತಾದರೂ ಅದನ್ನು ಯಾರೂ ಹರಿಯುವುದಿಲ್ಲ. ಧೋತರ ಕೈಗಿಡುವಾಗ ಅತ್ತೆ ನಿನ್ನ ಗಲ್ಲ ಹಿಡಿದು ಈ ಮಾತು ಹೇಳಿದ್ದರು. ನೀನು ತಲೆಯಾಡಿಸಿದ್ದೆ.

ಸೋಮಿ, ಗುರಪಾದಪ್ಪನವರು ಎಲ್ಲಿದ್ದಾರೆ?

ನಿನ್ನ ಹಳೆಯ ಕಾಗದಗಳನ್ನು ಮತ್ತೆ ತೆಗೆದು ಓದಿದೆ. ಯುಗಾದಿಯ ತನಕ ಪ್ರತಿಯೊಂದರಲ್ಲೂ ‘ಇವರು ನಮಸ್ಕಾರ ಹೇಳಿದ್ದಾರೆ’ ಎಂದಿದೆ. ಆಮೇಲಿನ ನಾಲ್ಕರಲ್ಲಿ ಇಲ್ಲ. ಅವುಗಳಲ್ಲಿ ಗಾಳಿ ಒಳ್ಳೆಯದು, ಮನೆ ದೊಡ್ಡದು, ಹಿತ್ತಲಲ್ಲಿ ತೆಂಗು ಇದೆ ಎಂದಷ್ಟೇ ಇದೆ. ಆಗ ನಾನು ಗಮನಿಸಲಿಲ್ಲ. ನನ್ನ ಮಗಳ ಉಸಿರನ್ನು ಎಣಿಸುತ್ತ ಕೂತವಳಿಗೆ ತಂಗಿಯ ಕಾಗದದಲ್ಲಿ ಒಂದು ಸಾಲು ಕಡಿಮೆಯಾದದ್ದು ಕಾಣಲಿಲ್ಲ. ಆ ಧೋತರವನ್ನು ಮರೆತು ಹರಿದೆಯೋ, ಸಿಟ್ಟಿನಿಂದಲೋ, ಅಥವಾ ಬರೆಯಲಾಗದ್ದನ್ನು ನಾನು ನೋಡಲಿ ಎಂದೇ ಹರಿದೆಯೋ? ಇದಕ್ಕಿಂತ ಕೆಟ್ಟ ಪ್ರಶ್ನೆಯೊಂದಿದೆ. ಅದನ್ನು ಬರೆಯಲು ಕೈ ಬರುತ್ತಿಲ್ಲ.

ನಾನು ಮಾಡಿದ್ದನ್ನೂ ಹೇಳಿಬಿಡುತ್ತೇನೆ. ಧೋತರದ ತುಂಡನ್ನು ನನ್ನ ಟ್ರಂಕಿನಲ್ಲಿ, ಬೆಳಗಾವಿಯ ಕಾನ್ವೆಂಟಿನ ಹಳೆಯ ಪುಸ್ತಕಗಳ ಕೆಳಗೆ ಬಚ್ಚಿಟ್ಟೆ. ಲಡಿಯನ್ನು ಮಾಳಿಗೆಯ ಮೇಲೆ ಮೂರು ದಿನ ಗಾಳಿಗೆ ಹಾಕಿ, ಹೊಗೆ ವಾಸನೆ ಹೋಯಿತು ಅನಿಸಿದ ಮೇಲೆ, ಇವತ್ತೇ ಬಂತು ಎಂದು ಇವರ ಕೈಗೆ ಕೊಟ್ಟೆ. ಇವರು ಎಳೆದು ನೋಡಿದರು, ಬೆಳಕಿಗೆ ಹಿಡಿದರು, ಒಂದು ಎಳೆಯನ್ನು ಹಲ್ಲಿನಲ್ಲಿ ಕಚ್ಚಿದರು. “ಛಲೋ ಐತಿ” ಎಂದರು. ಆಮೇಲೆ ನನ್ನ ಕಡೆ ನೋಡದೆ, “ಅಂಕೋಲಾದಾಗ ಮಳಿಗಾಲದಾಗೂ ಇಷ್ಟ ಬಿಸಲ ಇತ್ತೇನು?” ಎಂದು ಕೇಳಿದರು. ಇರಬಹುದು ರೀ ಎಂದೆ. ನೋಡು, ‘ಬಹುದು’ ಎನ್ನುವುದನ್ನು ಈ ಸಲ ನಾನು ಬಿಡಲಿಲ್ಲ.

ಹೊಗೆಯ ವಿಷಯ ಹೇಳಿದರೆ ಅಂಕೋಲಾದ ನೂಲೂ ಕೆಟ್ಟಂತೆಯೇ. ಇವರು ತಮ್ಮ ಮಾತಿನಂತೆ ಇಲ್ಲೇ ಉಳಿಯುತ್ತಾರೆ, ಶಂಕ್ರಿ ಈ ಚಳಿಗಾಲವನ್ನು ಈ ಧೂಳಿನಲ್ಲಿಯೇ ಕಳೆಯಬೇಕು. ಹೇಳದಿದ್ದರೆ, ಇದ್ದ ನಾಲ್ಕು ಮಗ್ಗ ಮಾರಿ, ಎಪ್ಪತ್ತರ ಅತ್ತೆಯನ್ನು ಕಟ್ಟಿಕೊಂಡು, ಸುಳ್ಳು ನೂಲಿನ ಮೇಲೆ ನಂಬಿಕೆಯಿಟ್ಟು ಬರುತ್ತೇವೆ. ನೂಲಿಗೆ ಬೂಷ್ಟು ಹಿಡಿಸುವ ಗಾಳಿ ಹುಡುಗಿಯ ಎದೆಗೆ ಏನು ಮಾಡುತ್ತದೆ ಎಂದು ನನಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ನಾನು ಸುಮ್ಮನಿರುವುದು ಮಗಳಿಗಾಗಿಯೋ, ನಿನಗಾಗಿಯೋ, ಇನ್ನೊಂದು ಮಗುವನ್ನು ಈ ಬಾಗಿಲಿನಿಂದ ಹೊರಗೆ ಒಯ್ಯುವುದನ್ನು ನೋಡಲಾರೆ ಎಂಬ ನನ್ನ ಸ್ವಾರ್ಥಕ್ಕಾಗಿಯೋ? ಶಾಲೆಯಲ್ಲಿ ಭೂಪಟದ ಮೇಲೆ ಬೆರಳಾಡಿಸುತ್ತ ಕರಾವಳಿಯ ಊರುಗಳನ್ನು ಬಾಯಿಪಾಠ ಹೇಳುತ್ತಿದ್ದೆ. ಅಲ್ಲಿ ಅಂಕೋಲಾ, ವೆಂಗುರ್ಲಾ ಎರಡೂ ಒಂದೇ ನೀಲಿ ಅಂಚಿನ ಮೇಲಿನ ಎರಡು ಚುಕ್ಕೆ. ಇವುಗಳಲ್ಲಿ ಒಂದನ್ನು ಆರಿಸುವುದು ಇಷ್ಟು ಕಷ್ಟವೆಂದು ಯಾರೂ ಕಲಿಸಲಿಲ್ಲ.

ನಿನ್ನನ್ನು ಬೈಯಲು ಬರೆಯುತ್ತಿಲ್ಲ. ಎರಡೇ ಪ್ರಶ್ನೆಗೆ ಉತ್ತರ ಬೇಕು, ಮರುಟಪ್ಪಾಲಿನಲ್ಲಿಯೇ ಬೇಕು. ಆ ಮನೆಯಲ್ಲಿ ಮಳೆಗಾಲದಲ್ಲಿ ಗೋಡೆ ಒಣಗಿರುತ್ತದೆಯೇ? ಆ ಮನೆಯಲ್ಲಿ ನೀನು ಒಬ್ಬಳೇ ಇದ್ದೀಯಾ? ಉತ್ತರ ಬರುವತನಕ ಅರ್ಜಿಯ ಆ ಜಾಗವನ್ನು ಖಾಲಿ ಬಿಡುತ್ತೇನೆ.

ಮಗ್ಗ ನಿಂತವು. ಊಟದ ಹೊತ್ತು. ನಾನು ಕಿವಿ ಮುಚ್ಚಿಕೊಳ್ಳುವುದಿಲ್ಲ, ಕೇಳುತ್ತೇನೆ.

ನಿನ್ನ ಸುಳ್ಳನ್ನು ಮೂರು ದಿನ ಗಾಳಿಗೆ ಹಾಕಿದ
ನಿನ್ನ ಅಕ್ಕ
ಶೇವಂತಿ

ತಾ.ಕ.: ಕಾಗದ ಮಡಚುವಾಗ ಇವರು ಊಟ ಮುಗಿಸಿ ಒಳಗೆ ಬಂದರು. ಅಂಗಿಯ ಕಿಸೆಯಿಂದ ಒಂದು ಹಾಳೆ ತೆಗೆದು ಅರ್ಜಿಯ ಮೇಲಿಟ್ಟರು. ಹಣಮಪ್ಪನ ಕಾಗದಕ್ಕೆ ಎರಡನೆಯ ಹಾಳೆಯೂ ಇತ್ತಂತೆ, ಅದನ್ನು ಗಟ್ಟಿಯಾಗಿ ಓದಿರಲಿಲ್ಲ. ಗುರಪಾದಪ್ಪನವರು ಯುಗಾದಿಯ ಮರುವಾರ ಉಪ್ಪಿನ ಕಚೇರಿಯ ನೌಕರಿ ಬಿಟ್ಟು ಹಡಗಿನಲ್ಲಿ ಮುಂಬೈಗೆ ಹೋದರೆಂದೂ, ಆಮೇಲೆ ಸುದ್ದಿಯಿಲ್ಲವೆಂದೂ, ನೀನು ಉಪ್ಪಿನ ಚೀಲ ಹೊಲಿದು ದಿನ ತಳ್ಳುತ್ತಿದ್ದೀಯೆಂದೂ ಅಂಕೋಲಾದಿಂದ ಬಂದ ಹಡಗಿನ ಖಲಾಸಿಯೊಬ್ಬ ಹಣಮಪ್ಪನಿಗೆ ಹೇಳಿದ್ದನಂತೆ. ನಾನು ಹೆದರುತ್ತೇನೆಂದು ಇವರು ಅದನ್ನು ಬಚ್ಚಿಟ್ಟಿದ್ದರು. ಇವರು ಎದೆಗುಂದುತ್ತಾರೆಂದು ನಾನು ಧೋತರ ಬಚ್ಚಿಟ್ಟಿದ್ದೆ. ಟ್ರಂಕಿನಿಂದ ತೆಗೆದು ಕೊಟ್ಟೆ. ಅರಿಷಿಣದ ಎಳೆಯ ಮೇಲೆ ಹೆಬ್ಬೆರಳು ಆಡಿಸಿದರು. “ಹೊಗಿ ವಾಸನಿ ನಿನ್ನ ಮೂಗಿಗಷ್ಟ ಬಂತು ಅಂತ ತಿಳಕೊಂಡೀಯೇನು? ಎರಡೂ ಕಡೆ ಬೂಷ್ಟು ಬರೂದ ಖರೆ. ಗಂಜಿ ತೆಳ್ಳಗ ಹಚ್ಚೂದು ಕಲೀತೀನಿ. ಬರಿ, ಅಂಕೋಲಾ” ಎಂದರು. ಡಾಕ್ಟರು ಹೇಳಿದ ‘ಬಹುದು’ವನ್ನು ಆಗ ಇವರಿಗೆ ಹೇಳಿದೆ. ಆದರೂ ಮಾತು ಬದಲಿಸಲಿಲ್ಲ. ಬರೆದೆ. ಮಸಿ ಹರಡಿತು, ಆದರೂ ಓದಲು ಬರುತ್ತದೆ. ಬಾಗಿಲವರೆಗೆ ಹೋದವರು ತಿರುಗಿ ನಿಂತು ಇನ್ನೊಂದು ಮಾತು ನಿನಗೆ ಬರೆಯಲು ಹೇಳಿದರು, ಹಾಗೆಯೇ ಬರೆಯುತ್ತೇನೆ: “ನಾವು ಬರೂದ್ರಾಗ ಒಲಿ ಹಿತ್ತಲಕ್ಕ ಹಾಕ್ಸಂತ ಹೇಳು. ನಮ್ಮ ಹುಡುಗಿಗೆ ಹೊಗಿ ಆಗೂದಿಲ್ಲ.”