ರೊಟ್ಟಿ ಮುರಿಯಲಾರದ ಕೈ

ಮಾರೇಶ,

"ಕ್ಷಮಿಸದ ಕೈ ರೊಟ್ಟಿ ಮುರಿಯಬಾರದು." ಊಟಕ್ಕೆ ಮುಂಚೆ ಅಪ್ಪ ಹೇಳುತ್ತಿದ್ದದ್ದು ಹೀಗೆಯೇ? ಅಥವಾ "ಮುರಿಯಲಾರದು" ಎಂದೇ? ಕುರುಗೋಡಿನ ಸಣ್ಣ ಕ್ರೈಸ್ತ ಸಭೆಗೆ ಉಪದೇಶಿಯಾಗಿದ್ದವರು, ಕೇಳೋಣವೆಂದರೆ ಈಗಿಲ್ಲ. ಬಾರದು ಎಂದರೆ ಕಟ್ಟಳೆ. ಲಾರದು ಎಂದರೆ ಕೈಲಾಗದ ಸ್ಥಿತಿ. ನನ್ನ ನೆನಪಿನಲ್ಲಿ ಉಳಿದದ್ದು ಕಟ್ಟಳೆ.

ಚಿಕ್ಕವರಿದ್ದಾಗ ಗೌತಮಿಯೂ ನಾನೂ ಜಗಳವಾಡಿದರೆ ಅಪ್ಪ ಜೋಳದ ರೊಟ್ಟಿ ಹಿಡಿದು ಮುರಿಯದೆ ಕೂರುತ್ತಿದ್ದರು. ರೊಟ್ಟಿ ಆರಿ ಸೆಟೆದುಕೊಳ್ಳುತ್ತಿತ್ತು. ಮೊದಲು ಸೋಲುತ್ತಿದ್ದವಳು ನನ್ನ ತಂಗಿಯೇ. "ಅಕ್ಕಾ, ಹಸಿವಾಗೇತಿ. ನಂದ ತಪ್ಪು ಅನ್ಕೋ ಅತ್ಲಾಗ" ಅನ್ನುತ್ತಿದ್ದಳು.

ಸಿರುಗುಪ್ಪದ ಮದುವೆಮನೆಯಿಂದ ಕುಡಿದು ಬೈಕು ಓಡಿಸಿದವನು ನೀನು. ತೆಕ್ಕಲಕೋಟೆ ದಾಟಿ, ನಿಂತಿದ್ದ ಭತ್ತದ ಲಾರಿಗೆ ಬಡಿದು ಸತ್ತವಳು ಹಿಂದೆ ಕೂತಿದ್ದ ಗೌತಮಿ, ನಿನ್ನ ಹೆಂಡತಿ. ಇದನ್ನು ಮೆತ್ತಗೆ ಮಾಡಿ ಬರೆಯಲಾರೆ. ಆಸ್ಪತ್ರೆಯಲ್ಲಿ ನಿನ್ನ ಬಲಗೈ ತೆಗೆದರು ಎಂದಾಗ ನನಗೆ ಅಳು ಬರಲಿಲ್ಲ.

ಈಗ ಚರ್ಚಿನಲ್ಲಿ ನೀನು ಚಪ್ಪಲಿ ಬಿಡುವ ಜಾಗದ ಹತ್ತಿರ ಕೂರುತ್ತೀ. ಪ್ರಭುಭೋಜನದ ರೊಟ್ಟಿ ಹಂಚುವ ಮುಂಚೆ ಎದ್ದು ಹೋಗುತ್ತೀ. ಯಾರೂ ತಡೆಯುವುದಿಲ್ಲ. ಹೋದ ಸಲ ನಿನ್ನ ಬೆನ್ನು ಬಾಗಿಲು ದಾಟುವುದನ್ನು ನೋಡಿದೆ. ರೊಟ್ಟಿಯ ತಟ್ಟೆ ನನ್ನ ಮುಂದೆ ಬಂದಾಗ ಕೈ ಚಾಚಿದೆ. ತುಂಡು ಎತ್ತಿಕೊಳ್ಳಲು ಆಗಲಿಲ್ಲ. ತಟ್ಟೆ ಮುಂದಕ್ಕೆ ಹೋಯಿತು. ಅಪ್ಪ ಹೇಳಿದ್ದು "ಲಾರದು" ಎಂದೇ ಇರಬೇಕು. ಆ ಮಾತು ನಿನ್ನ ಕೈಗಲ್ಲ, ನನ್ನ ಕೈಗೆ.

ಕ್ಷಮಿಸಿದ್ದೇನೆ ಎಂದು ಬರೆಯಲು ಪೆನ್ನು ಏಳುತ್ತಿಲ್ಲ. ಕೋಪ ಹೋಗಿಲ್ಲ, ಹೋಗುವುದೋ ಇಲ್ಲವೋ ತಿಳಿಯದು. ಅದು ಹೋಗಲೆಂದು ಕಾದರೆ ರೊಟ್ಟಿ ಆರುತ್ತದೆ. ಕೋರ್ಟು ತನ್ನ ಕೆಲಸ ಮಾಡಲಿ. ನನ್ನೊಳಗೆ ಹಗಲೆಲ್ಲ ನಡೆಯುವ ವಿಚಾರಣೆಯನ್ನು ಮಾತ್ರ ನಾನು ನಿಲ್ಲಿಸುತ್ತಿದ್ದೇನೆ.

ಗೌತಮಿಯ ವರ್ಷದ ಪ್ರಾರ್ಥನೆಗೆ ನಮ್ಮ ಮನೆಗೆ ಬಾ. ಅಂಗಳದಲ್ಲಿ ನಿಲ್ಲಬೇಡ. ಒಳಗೆ ಬಂದು ನಮ್ಮ ಜೊತೆ ಊಟಕ್ಕೆ ಕೂರು.

ದೇವರು ನಿನಗೆ ನಿದ್ದೆ ಕೊಡಲಿ. ನನಗೂ.

ಜಯಶೀಲಕ್ಕ

ತಾ.ಕ.: ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಕಾಗದ ಮಡಚುವಾಗ ಪಕ್ಕದ ಮನೆಯ ಎಲ್ಲಮ್ಮ ಬಾಗಿಲಿಗೆ ಬಂದಳು. ಗೌತಮಿ ಬಂದಾಗಲೆಲ್ಲ ತಲೆ ಬಾಚಿ ಹೂ ಮುಡಿಸುತ್ತಿದ್ದವಳು. ನಿನ್ನನ್ನು ಕರೆಯುತ್ತಿದ್ದೇನೆ ಎಂದೆ. "ಭಾಳ ದೊಡ್ಡಾಕಿ ಆದಿ ಬಿಡವ್ವಾ. ಅವನ ಮಾರಿ ನೋಡಾಕ ನನ್ನ ಕೈಲಿ ಆಗಂಗಿಲ್ಲ" ಅಂದು ಹೊರಟಳು. ಮೆಟ್ಟಿಲಿಳಿದವಳು ನಿಂತು, ತಿರುಗದೆಯೇ ಹೇಳಿದಳು:

"ರೊಟ್ಟಿ ಖಡಕ್ ಮಾಡಬ್ಯಾಡ. ಒಂದ ಕೈಲೆ ಮುರೀಬೇಕು ಅಂವ."